ಬೆವರು ಕುಡಿಯದ ಬಟ್ಟೆ

"ಯಾರಪಾ ಇದು, ಹಸಿ ಅರಿವಿ ಗಂಟು ಕಟ್ಟಿ ಇಟ್ಟಾವ್ರು?"

ಉಮಾಪತಿ ಇದನ್ನು ಯಾರಿಗೂ ಕೇಳಿರಲಿಲ್ಲ. ನಾಗಪುರದ ಧಂತೋಲಿಯ ಆಸ್ಪತ್ರೆಯೊಂದರ ನೆಲಮಾಳಿಗೆ ಅದು. ಹೃದಯದ ಚಿಕಿತ್ಸೆಯಾದವರು ಬೆಳಿಗ್ಗೆ ಎಂಟಕ್ಕೆ ಬಂದು, ನೆಲಕ್ಕೆ ಬಿಗಿದ ಸೈಕಲ್ಲುಗಳ ಮೇಲೆ ಕೂತು ಮುಕ್ಕಾಲು ಗಂಟೆ ತುಳಿಯಬೇಕು. ಅಲ್ಲಿ ಕನ್ನಡ ತಿಳಿದವರು ಯಾರೂ ಇಲ್ಲವೆಂಬ ಧೈರ್ಯದಲ್ಲಿ ಅವನು ಗೋಡೆಯ ಗಡಿಯಾರಕ್ಕೆ ಹೇಳಿದ ಮಾತು. ಮೂವತ್ತೆರಡು ವರ್ಷ ಆರ್ಡನೆನ್ಸ್ ಫ್ಯಾಕ್ಟರಿಯ ಲೇತಿನ ಮುಂದೆ ನಿಂತು ನಿಂತು ಅವನಿಗೆ ಹೀಗೆ ಗೊಣಗಿಕೊಳ್ಳುವುದು ರೂಢಿಯಾಗಿತ್ತು. ನಾಗಪುರದಲ್ಲಿ ಕನ್ನಡದಲ್ಲಿ ಬೈದರೆ ಯಾರ ಮನಸ್ಸೂ ನೋಯುವುದಿಲ್ಲ.

ಪಕ್ಕದ ಸೈಕಲ್ಲಿನ ಪೆಡಲು ತಟ್ಟನೆ ನಿಂತಿತು.

"ನೀವು ಕನ್ನಡದವರಾ?"

ಅರವತ್ತು ದಾಟಿದ, ತೆಳ್ಳಗಿನ, ಹಣೆಯ ಮೇಲೆ ಸಣ್ಣ ಅಕ್ಷತೆ ಇಟ್ಟ ಮನುಷ್ಯ. ಮಿಂಚುವ ನೀಲಿ ಟೀ ಶರ್ಟಿನ ಎದೆಯ ಮೇಲೆ ಯಾವುದೋ ಬ್ಯಾಂಕಿನ ಓಟದ ಹೆಸರು. ಅವರು ಸೈಕಲ್ಲಿನಿಂದ ಇಳಿದೇಬಿಟ್ಟರು, ಬಂದು ಉಮಾಪತಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಜೊತೆಗೇ ಆ ವಾಸನೆಯೂ ಬಂತು. ಹುಳಿ ಬಂದ ಹಿಟ್ಟಿನದು, ಮಳೆಗಾಲದ ಒದ್ದೆ ಚೀಲದ್ದು, ಹಳೆಯ ಬೆವರಿನದು, ಮೂರೂ ಸೇರಿದ್ದು. ಅದರ ಮನೆ ಯಾವುದೆಂದು ಉಮಾಪತಿಗೆ ಆಗ ಗೊತ್ತಾಯಿತು.

"ನರಸಿಂಹಮೂರ್ತಿ ಅಂತ. ಮೈಸೂರು. ಮೇಷ್ಟ್ರಾಗಿದ್ದೆ. ನಮ್ಮನೆಯವರಿಗೆ ಬ್ಯಾಂಕಿನಲ್ಲಿ ಇಲ್ಲಿಗೆ ವರ್ಗ ಆಯ್ತು, ನಾನು ಅವರ ಹಿಂದೆ ಟ್ರಂಕು ಹೊತ್ಕೊಂಡು ಬಂದೆ" ಎಂದು ನಕ್ಕರು. ಆಮೇಲೆ ಸುತ್ತ ನೋಡಿ, "ಹಸಿ ಬಟ್ಟೆ ಅಂದ್ರಲ್ಲ, ಎಲ್ಲಿ? ಎಸಿ ನೀರೇನಾದ್ರೂ ಸೋರ್ತಿದೆಯೋ?"

"ಇರಬಹುದ್ರಿ" ಎಂದ ಉಮಾಪತಿ, ಬಾಯಿಂದ ಉಸಿರಾಡುತ್ತ.

ಮರುದಿನ ಅವನು ಬೇರೆ ಸೈಕಲ್ಲಿಗೆ ಹೋಗಬಹುದಿತ್ತು. ಆ ಕೊನೆಯಲ್ಲಿ ಎರಡು ಖಾಲಿ ಇದ್ದವು. ಹೋಗಬೇಕೆಂದುಕೊಂಡೇ ವ್ಯಾಯಾಮದ ಹಾಲಿನೊಳಗೆ ಕಾಲಿಟ್ಟ. ಆದರೆ ಅಷ್ಟರಲ್ಲಿ ನರಸಿಂಹಮೂರ್ತಿ ಹತ್ತಿ ಕೂತಿದ್ದರು, ಮತ್ತು ಹಾಡುತ್ತಿದ್ದರು.

ಹಾಡು ಎನ್ನುವುದಕ್ಕಿಂತ ಓದು. ಗಂಟಲಿನ ತಳದಿಂದ, ಪಕ್ಕದವನಿಗಷ್ಟೇ ಕೇಳುವಷ್ಟು ಸಣ್ಣಗೆ, ಹಳೆಯ ಷಟ್ಪದಿಯೊಂದನ್ನು ರಾಗಕ್ಕೆ ಹಚ್ಚಿದ್ದರು. ಎರಡು ಸಾಲು ಸಮವಾಗಿ ಹೆಜ್ಜೆ ಇಟ್ಟು, ಮೂರನೆಯ ಸಾಲಿಗೆ ದನಿ ಉದ್ದಕ್ಕೆ ಚಾಚಿಕೊಂಡಿತು. ಕಾಲೂ ಅದರೊಂದಿಗೆ ನಿಧಾನವಾಯಿತು. ಮತ್ತೆ ಎರಡು ಸಾಲು, ಮತ್ತೆ ಆ ಚಾಚು.

"ನಾಡಿ ನೂರಾಹತ್ತು ದಾಟಬಾರದು ಅಂತಾಳೆ ವ್ಯಾಯಾಮ ಮಾಡಿಸೋ ಹುಡುಗಿ. ಮಷೀನಿನಲ್ಲಿ ಕೆಂಪು ಅಂಕಿ ನೋಡ್ತಾ ಕೂತ್ರೆ ಭಯಕ್ಕೇ ದಾಟುತ್ತೆ" ಎಂದರು ಅವರು. "ಪದ್ಯ ಹಿಡಿದ್ರೆ ಕಾಲು ತನ್ನ ಪಾಡಿಗೆ ತಾನು ಅಳತೇಲಿ ಇರುತ್ತೆ. ನಿಮಗೆ ತೊಂದರೆ ಆಗ್ತಿದ್ರೆ ನಿಲ್ಲಿಸ್ತೀನಿ."

"ಏ, ನಿಲ್ಲಸಬ್ಯಾಡ್ರಿ."

ಉಮಾಪತಿಯದು ಮುದ್ದೇಬಿಹಾಳದ ಕಡೆಯ ಊರು. ಚಿಕ್ಕವನಿದ್ದಾಗ ಅಜ್ಜನ ಕೈ ಹಿಡಿದು ಸಂಜೆ ಮಠಕ್ಕೆ ಹೋಗುತ್ತಿದ್ದ. ಅಲ್ಲಿ ಪುರಾಣ ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು. ಅರ್ಥ ಬರುವ ಹೊತ್ತಿಗೆ ಇವನು ಕಂಬಕ್ಕೆ ಒರಗಿ ನಿದ್ದೆ ಹೋಗಿರುತ್ತಿದ್ದ. ಓದು ಮಾತ್ರ ನಿದ್ದೆಯ ಒಳಗೂ ನಡೆದಿರುತ್ತಿತ್ತು. ಹಾಗಾಗಿ ಅವನಿಗೆ ಪದಗಳ ಅರ್ಥ ಹೆಚ್ಚು ತಿಳಿಯದು, ಅವುಗಳ ನಡಿಗೆ ಗೊತ್ತು. ಮೂವತ್ತೆರಡು ವರ್ಷದಿಂದ ಆ ನಡಿಗೆ ಅವನ ಕಿವಿಗೆ ಬಿದ್ದಿರಲಿಲ್ಲ. ಈಗ, ಎದೆಯಲ್ಲಿ ಎರಡು ಸ್ಟೆಂಟು ಹಾಕಿಸಿಕೊಂಡು ನೆಲಮಾಳಿಗೆಯಲ್ಲಿ ಕೂತಾಗ, ದೇವರು ಅದನ್ನು ಪಕ್ಕದ ಸೈಕಲ್ಲಿಗೆ ತಂದು ಕೂರಿಸಿದ್ದ. ಜೊತೆಗೆ ಆ ವಾಸನೆಯನ್ನೂ.

ಅವನು ಬಾಯಲ್ಲಿ ಲವಂಗ ಇಟ್ಟುಕೊಂಡ. ಮೂಗಿನ ಕೆಳಗೆ ತಲೆನೋವಿನ ಮುಲಾಮು ಸವರಿಕೊಂಡ. ಮೂರು ವಾರ ಹೀಗೆಯೇ ಪಕ್ಕದಲ್ಲೇ ಕೂತು ತುಳಿದ. ಮಿಕ್ಕವರು ಒಬ್ಬೊಬ್ಬರಾಗಿ ಹಾಲಿನ ಆ ಕೊನೆಗೆ ಸರಿದರು. ಕಳಮನಾ ಮಾರ್ಕೆಟ್ಟಿನಲ್ಲಿ ಸಂತ್ರಾ ಎಂಬ ನಾಗಪುರದ ಕಿತ್ತಳೆ ಮಾರುವ ಪ್ರವೀಣ್ ಮಾತ್ರ ಮುಚ್ಚಿಡುವ ಮನುಷ್ಯನಲ್ಲ. "ಭಾವೂ, ನಮ್ಮ ಗೋದಾಮಿನಲ್ಲಿ ಕೊಳೆತ ಸಂತ್ರಾ ಕೂಡ ಇಷ್ಟು ನಾರೋದಿಲ್ಲ" ಎಂದು ಹಿಂದಿಯಲ್ಲಿ ಗಟ್ಟಿಯಾಗಿಯೇ ಅಂದ. ನರಸಿಂಹಮೂರ್ತಿಗಳ ಹಿಂದಿ ಅಷ್ಟಕ್ಕಷ್ಟೆ. ಸಂತ್ರಾ ಎಂಬುದಷ್ಟು ತಿಳಿದು, "ಹಾಂ ಹಾಂ, ಬಹುತ್ ಅಚ್ಛಾ" ಎಂದು ನಕ್ಕರು.

ಗುರುವಾರ, ವ್ಯಾಯಾಮ ಮಾಡಿಸುವ ನಿಕಿತಾ ಉಮಾಪತಿಯನ್ನು ಬಾಗಿಲ ಬಳಿ ನಿಲ್ಲಿಸಿದಳು.

"ಕಾಕಾ, ತುಮ್ಹೀ ಸಾಂಗಾ ನಾ. ನೀವು ಅವರ ಭಾಷೆಯವರು, ನೀವೇ ಹೇಳಿ." ಒಂಬತ್ತು ಜನರಲ್ಲಿ ಏಳು ಜನ ದೂರು ಕೊಟ್ಟಿದ್ದಾರೆ. ವಾಸನೆ ಹೋಗದಿದ್ದರೆ ಸೋಮವಾರದಿಂದ ನರಸಿಂಹಮೂರ್ತಿಗಳನ್ನು ಮಧ್ಯಾಹ್ನ ಒಂದು ಗಂಟೆಗೆ ಹಾಕಬೇಕಾಗುತ್ತದೆ.

"ಒಂದಕ್ಕ ಯಾರ್ ಇರ್ತಾರ?" ಎಂದು ಅವನು ಮರಾಠಿಯಲ್ಲಿ ಕೇಳಿದ.

"ಯಾರೂ ಇಲ್ಲ. ನಾನು ಡಬ್ಬಿ ಊಟ ಮಾಡ್ತಿರ್ತೀನಿ." ನಿಕಿತಾ ನೆಲ ನೋಡಿದಳು. "ನನಗೂ ಮನಸ್ಸಿಲ್ಲ, ಕಾಕಾ. ಬೈಪಾಸ್ ಆದವರು, ಹನ್ನೆರಡು ವಾರ ಪೂರ್ತಿ ಮಾಡಲೇಬೇಕು. ಒಬ್ಬರೇ ಬರುವವರು ಎರಡು ವಾರಕ್ಕೆ ಬಿಟ್ಟುಬಿಡ್ತಾರೆ. ಎಷ್ಟು ಜನರನ್ನ ನೋಡಿದ್ದೀನಿ."

ಸೋಮವಾರದೊಳಗೆ ಹೇಳುತ್ತೇನೆ ಎಂದು ಉಮಾಪತಿ ಒಪ್ಪಿಕೊಂಡ. ಒಪ್ಪಿಕೊಂಡು ಮನೆಗೆ ಬಂದವನಿಗೆ ಊಟ ಸೇರಲಿಲ್ಲ.

ಅವನ ಹೆಂಡತಿ ಕಾಶಿಬಾಯಿ ಗುಳೇದಗುಡ್ಡದ ನೇಕಾರರ ಮಗಳು. ಮಾತಿಗಿಂತ ಮೊದಲು ಬಟ್ಟೆಯನ್ನು ಮುಟ್ಟಿ ನೋಡುವವಳು. ಗಂಡನ ಮಾತನ್ನೆಲ್ಲ ಕೇಳಿ, "ಅದಕ್ಕನ ಮೂರು ವಾರದಿಂದ ಮುಲಾಮು ಬಡ್ಕೊಂಡು ಹೋಗಾಕತ್ತೀರಿ? ನಾ ಎಲ್ಲೋ ತಲಿ ಕೆಟ್ಟೈತಿ ಅಂತ ಮಾಡಿದ್ನಿ" ಎಂದಳು.

"ಹಾಂಗ ಹೆಂಗ ಹೇಳ್ಲೆ, ಕಾಶಿ? 'ಸರ, ನೀವು ನಾರತೀರಿ' ಅನ್ನಲಿ? ಆ ಬಾಯಿ ಏನು, ಆ ಪದ ಏನು. ಅಂಥಾವ್ರಿಗೆ?"

"ಮನಷ್ಯಾರು ಎಲ್ಲಿ ನಾರತಾರ್ರಿ? ಅರಿವಿ ನಾರತಾವ. ಎಂಥಾ ಅರಿವಿ ಹಾಕ್ತಾರ?"

"ಚಲೋನ ಅದಾವ. ಹೊಳಿತಾವ. ಓಟದಾಗ ಪುಕ್ಕಟ ಕೊಟ್ಟಿದ್ದು."

"ಪಾಲಿಸ್ಟರ್. ಒಗ್ಯಾವ್ರ ಯಾರು?"

"ಮಗಳ ಬಾಣಂತನಕ್ಕ ಹೆಂಡ್ತಿ ಮೈಸೂರಿಗೆ ಹೋಗ್ಯಾರಂತ, ಎರಡು ತಿಂಗಳ ರಜಾ ಹಾಕಿ. ತಾವ ಒಗೀತಾರ."

ಕಾಶಿಬಾಯಿ ಕೈ ಒರೆಸಿಕೊಂಡಳು. "ಶನಿವಾರ ಹೋಗೂಣು. ನಾನೂ ಬರ್ತೀನಿ. ಅರಿವಿ ನೋಡದ ಮಾತಾಡಬಾರದು."

ಸಿವಿಲ್ ಲೈನ್ಸ್‌ನ ಬ್ಯಾಂಕ್ ಕ್ವಾರ್ಟರ್ಸಿನಲ್ಲಿ ನರಸಿಂಹಮೂರ್ತಿ ಬಾಗಿಲು ತೆರೆದಾಗ ಅವರ ಮುಖದಲ್ಲಿ ಹಬ್ಬವಿತ್ತು. ಕಾಫಿ ಬೆರೆಸಿದರು, ಚಕ್ಕುಲಿ ಡಬ್ಬ ತೆರೆದರು. ದೇವರ ಮುಂದೆ ಊದುಬತ್ತಿ ಉರಿಯುತ್ತಿತ್ತು. ಅದರ ಪರಿಮಳದ ಕೆಳಗೆ, ಒಳಕೋಣೆಯಿಂದ, ಉಮಾಪತಿಗೆ ಚೆನ್ನಾಗಿ ಪರಿಚಯವಾದ ಆ ಇನ್ನೊಂದೂ ಬರುತ್ತಿತ್ತು.

"ಕೈ ತೊಳಕೋತೀನ್ರಿ" ಎಂದು ಕಾಶಿಬಾಯಿ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ಕೂಗಿದಳು: "ಸರ, ಇತ್ತಲಾಗ ಬರ್ರಿ ಸ್ವಲ್ಪ."

ಕೋಣೆಯ ಕಿಟಕಿ ಬಿಸಿಲಿಗೆ ಹೆದರಿ ಮುಚ್ಚಿತ್ತು. ಕೂಲರ್ ಗುಡುಗುಡು ಎಂದು ಒದ್ದೆ ಗಾಳಿ ತುಂಬುತ್ತಿತ್ತು. ಸೂರಿನ ಹತ್ತಿರ ಕಟ್ಟಿದ ಬಿದಿರ ಗಳುವಿನ ಮೇಲೆ, ಯಾರ ಕೈಯೂ ತಾಗದ ಹಾಗೆ ಕೋಲಿನಿಂದ ಹರವಿದ ಮಡಿಪಂಚೆಗಳು. ಅವುಗಳ ಪಕ್ಕದಲ್ಲಿ ಸಾಲಾಗಿ ಐದು ಟೀ ಶರ್ಟು. ಕಾಶಿಬಾಯಿ ಗೋಡೆಗೆ ಒರಗಿದ್ದ ಕೋಲಿನ ತುದಿಯಿಂದ ಒಂದಕ್ಕೆ ತಟ್ಟಿದಳು. ಹಪ್ಪಳಕ್ಕೆ ತಟ್ಟಿದ ಹಾಗೆ ಸದ್ದು ಬಂತು.

"ಇದಕ್ಕ ಗಂಜಿ ಹಾಕೀರೇನ್ರಿ?"

"ಹೌದಮ್ಮ, ಪಂಚೆಗೆ ಮಾಡಿದ ಗಂಜೀಲೇ ಅವನ್ನೂ ಅದ್ದಿ ತೆಗೀತೀನಿ" ಎಂದರು ಅವರು, ಮೆಚ್ಚುಗೆಗೆ ಕಾಯುವ ಹುಡುಗನಂತೆ. "ನಮ್ಮನೆಯವರು ಶೈಲಜಾ ಇಲ್ಲಿದ್ದಾಗ ಬಿಡ್ತಿರಲಿಲ್ಲ. ಆದ್ರೆ ಬಟ್ಟೆ ಅಂದ ಮೇಲೆ ಗಂಜಿ ಬೇಡ್ವಾ? ನಮ್ಮಮ್ಮ ಕರ್ಚೀಫಿಗೂ ಹಾಕೋರು."

ಕಾಶಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕಿತು. ಅವರೂ ಸುಮ್ಮನೆ ನಕ್ಕರು, ಕಾರಣ ತಿಳಿಯದೆ. ಆಮೇಲೆ ಅವಳು ಗಂಡನ ಕಡೆ ನೋಡಿದಳು. ಇನ್ನು ನಿಮ್ಮ ಪಾಳಿ ಎನ್ನುವ ನೋಟ.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳನ್ನು ಬಿಟ್ಟು ಉಮಾಪತಿ ಮೊದಲಿನಿಂದ ಶುರುಮಾಡಿದ.

"ಸರ, ಮೊದಲನೇ ದಿನ ನಾ ಒಂದು ಮಾತ ಅಂದಿದ್ನಿ. ಹಸಿ ಅರಿವಿ ಯಾರು ಗಂಟು ಕಟ್ಟಿ ಇಟ್ಟಾರಂತ."

"ಹೌದ್ಹೌದು. ಎಸಿ ಸೋರ್ತಿತ್ತಲ್ಲ."

"ಎಸಿ ಅಲ್ರಿ."

ನರಸಿಂಹಮೂರ್ತಿ ಗಳುವಿನ ಕಡೆ ನೋಡಿದರು, ತಮ್ಮ ಮೈಮೇಲಿದ್ದ ಅಂಗಿಯನ್ನು ನೋಡಿದರು. ಅದರ ತುದಿ ಎತ್ತಿ ಮೂಗಿಗೆ ಹಿಡಿದರು, ಬಹಳ ಹೊತ್ತು. ಮಂಚದ ಅಂಚಿಗೆ ಕೂತರು.

"ನನಗೆ ಗೊತ್ತಾಗಲ್ಲ, ಉಮಾಪತಿ" ಎಂದರು. "ಕೊರೊನಾ ಎರಡನೇ ಸಲ ಬಂದಾಗ ಮೂಗು ಹೋಯ್ತು. ಮತ್ತೆ ಬರಲಿಲ್ಲ. ಊದುಬತ್ತಿ ಹೊಗೆ ಕಣ್ಣಿಗೆ ಕಾಣುತ್ತಲ್ಲ, ಅದರಿಂದ ಪರಿಮಳ ಇದೆ ಅಂದ್ಕೋತೀನಿ. ಮಲ್ಲಿಗೆ ಇಟ್ಟಾಗ ದೇವರಿಗಾದ್ರೂ ಬರಲಿ ಅಂತೀನಿ." ಅಂಗಿಯ ತುದಿ ಬಿಟ್ಟು ಕೇಳಿದರು: "ಎಷ್ಟು ದಿನದಿಂದ?"

"ಮೂರು ವಾರಂತೂ ಆತ್ರಿ."

"ಎಲ್ಲರಿಗೂ ಗೊತ್ತಾ?"

ಉಮಾಪತಿ ಒಂದು ಗಂಟೆಯ ಪಾಳಿಯ ವಿಷಯವನ್ನೂ ಹೇಳಿದ. ಮುಚ್ಚಿಡಲಿಲ್ಲ. ಅವರು ತಲೆ ತಗ್ಗಿಸಿಯೇ ಕೇಳಿದರು.

"ಮೂರು ವಾರ ನೀವು ಪಕ್ಕದಲ್ಲೇ ಕೂತಿದ್ರಿ."

"ಪದ ಕೇಳಬೇಕಿತ್ತಲ್ರಿ."

ಇಬ್ಬರು ಗಂಡಸರೂ ನೆಲ ನೋಡುತ್ತ ಕೂತದ್ದು ಕಾಶಿಬಾಯಿಗೆ ಸರಿಬರಲಿಲ್ಲ. "ಯಾರರ ಸತ್ತಾರೇನು? ಅರಿವೀದಷ್ಟ. ಏಳ್ರಿ ಸರ, ಎಣ್ಣಿ ಎಲ್ಲೈತಿ?"

ಅವಳು ಓಟದಲ್ಲಿ ಕೊಟ್ಟ ಇನ್ನೊಂದು ಟೀ ಶರ್ಟಿನ ಪೊಟ್ಟಣ ಒಡೆದು ಮೇಜಿನ ಮೇಲೆ ಹರವಿದಳು. ಪಕ್ಕದಲ್ಲಿ ಗಂಜಿ ಕಾಣದ ಒಂದು ಹಳೆಯ ಅಂಗವಸ್ತ್ರ. ಎರಡರ ಮೇಲೂ ಬೆರಳ ತುದಿಯಿಂದ ಒಂದೊಂದು ಹನಿ ನೀರು ಬಿಟ್ಟಳು. ಹತ್ತಿ ಗುಟುಕಿನಂತೆ ಕುಡಿಯಿತು. ಟೀ ಶರ್ಟಿನ ಮೇಲೆ ಹನಿ ಕೆಸುವಿನೆಲೆಯ ಮೇಲಿನಂತೆ ದುಂಡಗೆ ಕೂತು ನಡುಗಿತು. ಆಮೇಲೆ ಅದೇ ಟೀ ಶರ್ಟಿಗೆ ಒಂದು ಹನಿ ಕೊಬ್ಬರಿ ಎಣ್ಣೆ. ಅದು ಕ್ಷಣದಲ್ಲಿ ಒಳಗಿಳಿದು ಕಲೆಯಾಯಿತು.

"ನೋಡ್ರಿ. ನೀರು ಕುಡಿಯಂಗಿಲ್ಲ, ಎಣ್ಣಿ ಬಿಡಂಗಿಲ್ಲ. ಬೆವರಿನ ಜೋಡಿ ಮೈಯಾಗಿನ ಜಿಡ್ಡು ಬರತೈತಲ್ಲ, ಅದನ್ನ ಹಿಡಕೊಂಡು ಕುಂದರತೈತಿ. ನಾತ ಇರೂದು ಆ ಜಿಡ್ಡಿನ್ಯಾಗ. ಬರೇ ನೀರಾಗ ಹಿಂಡಿ ತಗದ್ರ ಹೋಗಂಗಿಲ್ಲ. ಅದರ ಮ್ಯಾಲ ನೀವು ದಿನಾ ಗಂಜಿ ಉಣಿಸೀರಿ. ಹುಳಕ್ಕ ಪಂಕ್ತಿ ಹಾಕಿದಂಗ."

ನರಸಿಂಹಮೂರ್ತಿಗಳಿಗೆ ಮತ್ತೆ ನಗು ಬಂತು. "ಹಾಗಾದ್ರೆ ಪಂಚೆ ಬಟ್ಟೇಲೇ ಅಂಗಿ ಹೊಲಿಸ್ಕೊಳ್ಳಲಾ?"

"ದಪ್ಪ ಹತ್ತಿ ಬೆವರು ಕುಡಿದು ಹಂಗ ಹಿಡಕೋತೈತಿ. ಎಸಿ ಒಳಗ ಎದಿ ಮ್ಯಾಲ ಒದ್ದಿ ಕಲ್ಲು ಇಟ್ಟಂಗ. ತೆಳ್ಳಂದು ಬೇಕು, ಸಡ್ಲ ಹೆಣಿಗಿದು, ಗಾಳಿ ಆಡೂವಂಥಾದ್ದು."

"ನಮ್ಮಮ್ಮನ ಹತ್ರ ಒಂದು ಧಾಬಳಿ ಇತ್ತು" ಎಂದರು ಅವರು ನೆನಪಿಸಿಕೊಂಡು. "ಮಡಿಗೆ ಉಡೋ ಉಣ್ಣೆ ಬಟ್ಟೆ. ವರ್ಷಕ್ಕೊಂದು ಸಲ ಒಗೆದರೆ ಹೆಚ್ಚು. ಒಲೆ ಮುಂದೆ ದಿನಾ ಬೆವರಿಳಿಸೋರು. ಅವರ ಮಡಿಲಲ್ಲಿ ಮಲಗಿದ್ದೀನಿ, ಒಂದು ದಿನ ನಾರಿದ್ದು ನೆನಪಿಲ್ಲ. ಆಗ ನನಗೆ ಮೂಗಿತ್ತು."

"ಖರೇ. ಉಣ್ಣಿ ನಾತ ಹಿಡಿಯಂಗಿಲ್ಲ. ಹಿರ್ಯಾರು ಸುಮ್ನ ಉಟ್ಟಿಲ್ಲ."

ಇತವಾರಿಯ ಬಟ್ಟೆ ಗಲ್ಲಿಯಲ್ಲಿ, ಕೈಗಾಡಿಗಳ ನಡುವೆ ದಾರಿ ಬಿಡಿಸಿಕೊಂಡು ಹೋಗಿ, ಮೊದಲು ಅವರು ತೆಳು ಉಣ್ಣೆಯನ್ನೇ ಕೇಳಿದರು. ಅಂಗಡಿಯವನು ಹೊರಗಿನ ನಲವತ್ತೈದು ಡಿಗ್ರಿ ಬಿಸಿಲನ್ನೊಮ್ಮೆ, ಈ ಮೂವರನ್ನೊಮ್ಮೆ ನೋಡಿ, ಹುಡುಗರಿಗೆ ನೀರು ತರಲು ಹೇಳಿದ. ತಲೆ ತಿರುಗಿ ಬಂದವರೆಂದುಕೊಂಡಿರಬೇಕು. ಕಾಶಿಬಾಯಿ ಆ ನೀರಲ್ಲೇ ಬೆರಳದ್ದಿ ತಾನು ಆರಿಸಿದ ಬಟ್ಟೆಯ ಥಾನುಗಳ ಮೇಲೆ ಹನಿ ಬಿಡತೊಡಗಿದಳು. "ಬಾಯೀ, ಬಾಯೀ, ಡಾಗ ಪಡೇಲ!" ಎಂದು ಕಲೆಯಾಗುತ್ತದೆಂದು ಅವನು ಬೊಬ್ಬೆ ಹಾಕಿದ. "ನೀರಿಗೆ ಕಲೆ ಬೀಳೋ ಬಟ್ಟೆ ಯಾಕ ಮಾರ್ತೀ?" ಎಂದು ಅವಳು ಮರಾಠಿಯಲ್ಲಿ ತಿರುಗಿಸಿದಳು. ಒಂದೊಂದನ್ನೂ ಬೆಳಕಿಗೆ ಹಿಡಿದಳು, ಬಾಯಿಗೆ ಒತ್ತಿ ಅದರ ಮೂಲಕ ಊದಿ ಅಂಗೈಗೆ ಉಸಿರು ತಾಗುತ್ತದೆಯೇ ನೋಡಿದಳು. ಏಳನೆಯದಕ್ಕೆ ತಲೆಯಾಡಿಸಿದಳು. ಜರಡಿಯಂಥ ಸಣ್ಣ ಕಣ್ಣಿನ, ತೆಳು ಹೆಣಿಗೆಯ ಹತ್ತಿ. ಬೂದಿ ಬಣ್ಣ.

"ಬಣ್ಣ ಸ್ವಲ್ಪ..." ಎಂದರು ನರಸಿಂಹಮೂರ್ತಿ.

"ಮದಿವಿಗೆ ಹೊಂಟೀರೇನ್ರಿ?"

ಭಾನುವಾರ ಮಧ್ಯಾಹ್ನದೊಳಗೆ ಅವಳ ಮಷೀನಿನಲ್ಲಿ ನಾಲ್ಕು ಅಂಗಿಗಳಾದವು, ಕಂಕುಳಲ್ಲಿ ಎರಡು ಬೆರಳು ಸಡಿಲ. ಹಳೆಯ ಐದನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಸೋಪಿನಲ್ಲಿ ತಿಕ್ಕಿ, ಒಳಮೈ ಹೊರಗೆ ಮಾಡಿ ಮಹಡಿಯ ಬಿಸಿಲಿಗೆ ಹಾಕಿದರು. ನಾಗಪುರದ ವೈಶಾಖದ ಬಿಸಿಲು ಯಾರನ್ನೂ ಬಿಡುವುದಿಲ್ಲ. ಆದರೂ ಎರಡು ಮಾತ್ರ ಬದುಕಿದವು. ಮಿಕ್ಕವು ನೆಲ ಒರೆಸಲು ಹೋದವು. ಕಾಶಿಬಾಯಿ ಫೋನಿನಲ್ಲಿ ಶೈಲಜಾರಿಗೂ ಎಲ್ಲ ಹೇಳಿದಳು. ಆ ಕಡೆಯಿಂದ "ಗಂಜಿನಾ? ಟೀ ಶರ್ಟಿಗಾ?" ಎಂಬ ಕೂಗು ಮೂರು ಜನಕ್ಕೂ ಕೇಳಿಸಿತು.

"ಇನ್ನೊಂದು ಮಾತು, ಸರ" ಎಂದಳು ಹೊರಡುವಾಗ. "ವ್ಯಾಯಾಮ ಮುಗಿದ ಕೂಡ್ಲೇ ಒಣಾದು ಹಾಕ್ಕೊರ್ರಿ. ಒದ್ದೀದು ಪ್ಲಾಸ್ಟಿಕ್ ಚೀಲದಾಗ ಕಟ್ಟಿ ತರಬ್ಯಾಡ್ರಿ. ಪಂಚೆ ನಿಮ್ಮ ಮಡಿಗೆ ಇರ್ಲಿ. ಇವು ಮೈಲಿಗಿ ಅರಿವಿ, ಬಿಸಲಾಗ ಬೀಳಲಿ."

ಸೋಮವಾರ ನಿಕಿತಾ ಹಾಲಿನ ತುಂಬ ಎರಡು ಸಲ ಅಡ್ಡಾಡಿದಳು. ನರಸಿಂಹಮೂರ್ತಿಗಳ ಸೈಕಲ್ಲಿನ ಹತ್ತಿರ ಸುಮ್ಮನೆ ಏನೋ ಸರಿಪಡಿಸುವವಳಂತೆ ಬಾಗಿದಳು, ಎದ್ದು ಉಮಾಪತಿಗೆ ಕಣ್ಣಲ್ಲೇ ಸರಿ ಎಂದಳು. ಬುಧವಾರ ಪ್ರವೀಣ್ ಬಂದು ನರಸಿಂಹಮೂರ್ತಿಗಳ ಆಚೆ ಬದಿಯ ಸೈಕಲ್ಲು ಹತ್ತಿದ. ಎರಡು ಸಂತ್ರಾ ತಂದು ಅವರ ಕೈಯಲ್ಲಿಟ್ಟ. ಒಂದು ಗಂಟೆಯ ಮಾತನ್ನು ಯಾರೂ ಎತ್ತಲಿಲ್ಲ.

ಆದರೆ ಪದ್ಯ ಬರಲಿಲ್ಲ.

ನರಸಿಂಹಮೂರ್ತಿ ಬಾಯಿ ಮುಚ್ಚಿ ತುಳಿಯುತ್ತಿದ್ದರು. ಕಣ್ಣು ಕೆಂಪು ಅಂಕಿಯ ಮೇಲೆ, ಇಲ್ಲವೇ ಎದುರು ಹಾದುಹೋಗುವವರ ಮುಖದ ಮೇಲೆ. ಯಾರಾದರೂ ಕೆಮ್ಮಿದರೆ, ಕರವಸ್ತ್ರ ತೆಗೆದರೆ, ಮೂಗು ಉಜ್ಜಿದರೆ ಅವರ ಕಾಲು ತಪ್ಪುತ್ತಿತ್ತು. ನಾಡಿ ನೂರಾಹದಿನೆಂಟು, ನೂರಾಇಪ್ಪತ್ತೆರಡು. ನಿಕಿತಾ ಬಂದು ನಿಧಾನ, ನಿಧಾನ ಎನ್ನುತ್ತಿದ್ದಳು. ಉಮಾಪತಿ ಲವಂಗವಿಲ್ಲದ ಬಾಯಲ್ಲಿ, ಮುಲಾಮಿಲ್ಲದ ಮೂಗಿನಲ್ಲಿ, ಕಿವಿ ತೆರೆದು ಕೂತಿದ್ದ. ಚೈನಿನ ಸರಸರ ಬಿಟ್ಟರೆ ಬೇರೇನೂ ಕೇಳಲಿಲ್ಲ. ಶುಕ್ರವಾರ ಅವನೇ, ನಾಚಿಕೆ ಬಿಟ್ಟು, ತನಗೆ ನೆನಪಿದ್ದ ಒಂದು ಸಾಲಿನ ರಾಗವನ್ನು ಮೂಗಿನಲ್ಲೇ ಎಳೆದ. ಅವರು ತಿರುಗಿ ನಕ್ಕರಷ್ಟೆ.

ಶನಿವಾರ ಮುಗಿಯುವ ಹೊತ್ತಿಗೆ ಅವರು ಪೆಡಲು ನಿಲ್ಲಿಸಿ, ಹ್ಯಾಂಡಲಿನ ಮೇಲೆ ಕೈ ಕಟ್ಟಿ ಕೂತರು.

"ಉಮಾಪತಿ, ನನಗೊಂದು ಉಪಕಾರ ಮಾಡಬೇಕು."

"ಹೇಳ್ರಿ ಸರ."

"ನಿಮ್ಮ ಮನೆಯವರು ದೇವರಂಥೋರು. ಬಟ್ಟೆ ಸರಿಹೋಗಿರಬಹುದು. ಆದ್ರೆ ನಾಳೆ ಮತ್ತೆ ಏನಾದ್ರೂ ಆದ್ರೆ ನನಗೆ ಗೊತ್ತಾಗಲ್ಲ. ಎಲ್ಲರ ಮುಖ ನೋಡ್ಕೊಂಡು ತುಳೀಬೇಕು. ಪದ್ಯ ಬಾಯಿಗೆ ಬರೋಕೆ ಮುಂಚೆ ಭಯ ಬರುತ್ತೆ. ಒಂದು ಗಂಟೆಗೆ ಯಾರೂ ಇರಲ್ಲ ಅಂದ್ರಲ್ಲ, ಅಲ್ಲಿಗೇ ಹೋಗ್ತೀನಿ. ಯಾರಿಗೂ ತೊಂದರೆ ಇಲ್ಲ." ಅವರು ದನಿ ಇಳಿಸಿದರು. "ನನ್ನ ಹಿಂದಿ ನಿಮಗೆ ಗೊತ್ತಲ್ಲ. ನಿಕಿತಾಗೆ ನೀವೇ ಹೇಳಿಬಿಡಿ."

ಹಾಲಿನ ಆ ತುದಿಯಲ್ಲಿ ನಿಕಿತಾ ಹಾಜರಿ ಪುಸ್ತಕ ಹಿಡಿದು ನಿಂತಿದ್ದಳು. ಕರೆದರೆ ಕೇಳುವಷ್ಟು ಹತ್ತಿರ. ಉಮಾಪತಿ ಅವಳ ಕಡೆ ನೋಡಿದ. ಒಂಬತ್ತು ದಿನದ ಹಿಂದೆ, ಆ ಬಾಗಿಲ ಬಳಿ, ಹೇಳುತ್ತೇನೆಂದು ತಾನು ತಲೆಯಾಡಿಸಿದ್ದು ನೆನಪಾಯಿತು. ಅವನು ತನ್ನ ಪೆಡಲಿನ ಮೇಲೆ ಮತ್ತೆ ಕಾಲಿಟ್ಟ.

"ನಿಕಿತಾಗ ಹೇಳಂಗಿಲ್ರಿ" ಎಂದ. "ನಾತ ಬಂದ್ರ ನಿಮಗ ನಾನ ಹೇಳ್ತೀನಿ."